ತಲಪಾಡಿ ದಾಟಿ ಕೇರಳಕ್ಕೆ ಬಂದರೆ ನರ್ಸಿಂಗ್ ನೋಂದಣಿ ಬದಲಿಸಬೇಕೇ?

ಪ್ರಶ್ನೆ: ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷದಿಂದ ಅಲ್ಲೇ ಐಸಿಯುನಲ್ಲಿದ್ದೇನೆ. ಕಾಸರಗೋಡಿನ ಒಂದು ಆಸ್ಪತ್ರೆಯವರು ‘ಬಂದು ಸೇರಿಕೊಳ್ಳಿ, ರಿಜಿಸ್ಟ್ರೇಷನ್ ಆಮೇಲೆ ನೋಡುವ’ ಎನ್ನುತ್ತಿದ್ದಾರೆ. ಏಜೆಂಟ್ ಒಬ್ಬರು ಸೌದಿ ಕೆಲಸಕ್ಕೆ ಮೂರು ಲಕ್ಷ ಕೇಳುತ್ತಿದ್ದಾರೆ. ಯಾವುದಕ್ಕೆ ಒಪ್ಪಲಿ?

ಉತ್ತರ: ಸದ್ಯಕ್ಕೆ ಎರಡಕ್ಕೂ ಬೇಡ.

ಕೇರಳದಲ್ಲಿ ಕೆಲಸ ಮಾಡಲು ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನ ನೋಂದಣಿ ಬೇಕು. ಮರುಪರೀಕ್ಷೆಯೇನೂ ಇಲ್ಲ, ಕರ್ನಾಟಕದ ಕೌನ್ಸಿಲ್‌ನಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಅರ್ಜಿ ಹಾಕಬೇಕು, ಓಡಾಟ ಸ್ವಲ್ಪ ಇದೆ. ‘ಆಮೇಲೆ ನೋಡುವ’ ಎಂದು ಸೇರಿಕೊಂಡರೆ ನಷ್ಟ ಆಸ್ಪತ್ರೆಗಲ್ಲ, ನಿಮಗೆ. ನಾಳೆ ಗಲ್ಫ್‌ಗೆ ಅರ್ಜಿ ಹಾಕಿದಾಗ ದಾಖಲೆ ಪರಿಶೀಲಿಸುವ ಡೇಟಾಫ್ಲೋ ಸಂಸ್ಥೆಯವರು ಪದವಿ, ನೋಂದಣಿ, ಅನುಭವ ಎಲ್ಲವನ್ನೂ ಮೂಲದಲ್ಲೇ ವಿಚಾರಿಸುತ್ತಾರೆ. ನೋಂದಣಿಯಿಲ್ಲದೆ ದುಡಿದ ತಿಂಗಳುಗಳನ್ನು ಅನುಭವವೆಂದು ತೋರಿಸುವುದು ಕಷ್ಟ. ಸಂಬಳದ ಮಾತು ಬಂದಾಗ ಇದೂ ನೆನಪಿರಲಿ: ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಕನಿಷ್ಠ ಮೂಲವೇತನ 20,000 ರೂಪಾಯಿ ಎಂದು 2018ರಲ್ಲೇ ಸರ್ಕಾರ ಆದೇಶ ಹೊರಡಿಸಿದೆ. ನೇಮಕಾತಿ ಪತ್ರ ಕೊಡದೆ, ಸಂಬಳವನ್ನು ಕವರಿನಲ್ಲಿ ಹಾಕಿ ಕೊಡುವ ಕಡೆಗೆ ಹೋಗಲೇಬೇಡಿ.

ಇನ್ನು ಆ ಮೂರು ಲಕ್ಷ. ಸರ್ಕಾರದಲ್ಲಿ ನೋಂದಾಯಿತ ಏಜೆಂಟ್ ಸೇವಾಶುಲ್ಕವಾಗಿ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅವರ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಪಟ್ಟಿಯಲ್ಲಿದೆಯೇ ನೋಡಿ. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ನೀವು ಓದಿದ್ದು ಕರ್ನಾಟಕದಲ್ಲಾದರೂ ಊರು ಕೇರಳದ್ದೇ ತಾನೆ? ಹಾಗಾಗಿ ವಿದೇಶದ ಕೆಲಸಕ್ಕೆ ನೇಮಕಾತಿ ನಡೆಸುವ ಕೇರಳ ಸರ್ಕಾರದ ಸಂಸ್ಥೆಗಳಾದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್‌ನ ದಾರಿ ನಿಮಗೆ ತೆರೆದಿದೆ. ನಮ್ಮ ಕನ್ನಡದ ಹುಡುಗಿಯರು ‘ಅದೆಲ್ಲ ಮಲಯಾಳಿಗಳಿಗೆ’ ಎಂದು ಅತ್ತ ತಿರುಗಿಯೂ ನೋಡುವುದಿಲ್ಲ, ಯಾಕೋ. ಸೌದಿ ಆರೋಗ್ಯ ಇಲಾಖೆಗೆ ನೋರ್ಕಾ ಆಗಾಗ ನೇಮಕಾತಿ ನಡೆಸುತ್ತದೆ, ನಿಮ್ಮ ಐಸಿಯು ಅನುಭವಕ್ಕೆ ಅಲ್ಲಿ ಬೆಲೆಯಿದೆ. ಸೌದಿಗೆ ಡೇಟಾಫ್ಲೋ ಜತೆಗೆ ಪ್ರೊಮೆಟ್ರಿಕ್ ಎಂಬ ಪರವಾನಗಿ ಪರೀಕ್ಷೆಯೂ ಆಗಬೇಕು. ಜರ್ಮನಿಗೆ ಮನಸ್ಸಿದ್ದರೆ ನೋರ್ಕಾದ ಟ್ರಿಪಲ್ ವಿನ್ ಯೋಜನೆಯಲ್ಲಿ ಬಿ1 (ಮಧ್ಯಮ) ಮಟ್ಟದವರೆಗೆ ಜರ್ಮನ್ ಭಾಷೆಯನ್ನು ಉಚಿತವಾಗಿ ಕಲಿಸುತ್ತಾರೆ.

ಅರ್ಜಿಗೆ ಮೊದಲು ಎಸ್ಸೆಸ್ಸೆಲ್ಸಿ ಪುಸ್ತಕ, ಪದವಿ ಪ್ರಮಾಣಪತ್ರ, ಪಾಸ್‌ಪೋರ್ಟ್ ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ಹೋಲಿಸಿ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮತ್ತೊಂದರಲ್ಲಿ ಮನೆಹೆಸರು: ನಮ್ಮ ಕಡೆಯವರ ಕಡತ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ.

ದೇಶ ಬಿಡುವ ಆಸೆ ಅಷ್ಟಿಲ್ಲದಿದ್ದರೆ ಏಮ್ಸ್ ನಡೆಸುವ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆಯಿರಿ. ಅಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಗೆ ಆರಂಭದ ಮೂಲವೇತನವೇ 44,900 ರೂಪಾಯಿ, ಭತ್ಯೆ ಬೇರೆ. ಯಾವುದಾದರೂ ಒಂದು ರಾಜ್ಯದ ಕೌನ್ಸಿಲ್‌ನ ನೋಂದಣಿ ಸಾಕು, ನಿಮ್ಮಲ್ಲಿ ಅದು ಈಗಾಗಲೇ ಇದೆ.