ಲೋ ಪಾಲಿ (ಕಡಿಮೆ ತ್ರಿಕೋನಗಳ) ಮನುಷ್ಯರ ಕೈ ಮಡಿಸಿದರೆ ಮೊಣಕೈ ಯಾಕೆ ಚಪ್ಪಟೆಯಾಗುತ್ತೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಮಟ್ಟಿಗೆ ಹೀಗಿದೆ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಹಳ್ಳಿ ಸಂತೆಯ ಒಂದು ಆನಿಮೇಷನ್ ಮಾಡ್ತಿದೀರಿ, 40 ಜನ ಓಡಾಡಬೇಕು. ಸಿದ್ಧವಾಗಿ ಸಿಕ್ಕಿದ ಒಂದು ಮಾಡೆಲ್‌ಗೆ ಡೆಸಿಮೇಟ್ ಹಾಕಿ ಸಾವಿರ ತ್ರಿಕೋನಕ್ಕೆ ಇಳಿಸಿದೀರಿ. ಈಗ ಕೈ ಮಡಿಸಿದರೆ ಮೊಣಕೈ, ಬಗ್ಗಿಸಿದ ನೀರಿನ ಪೈಪಿನ ಹಾಗೆ ಚಪ್ಪಟೆಯಾಗ್ತಿದೆ. ವೇಟ್ (ಮಾಡೆಲ್ ಒಳಗಿನ ಬೋನ್, ಅಂದರೆ ಮೂಳೆ, ಯಾವ ಬಿಂದುವನ್ನ ಎಷ್ಟು ಎಳೆಯಬೇಕು ಅನ್ನೋ ಲೆಕ್ಕ) ಎಷ್ಟು ಸಲ ಪೇಂಟ್ ಮಾಡಿದರೂ ಸರಿಹೋಗ್ತಿಲ್ಲ.

ಸರಿಹೋಗೋದೂ ಇಲ್ಲ, ಯಾಕಂದ್ರೆ ಅಲ್ಲಿ ಬೇಕಾದ ವರ್ಟೆಕ್ಸ್‌ಗಳೇ (ತ್ರಿಕೋನದ ಮೂಲೆಬಿಂದುಗಳೇ) ಉಳಿದಿಲ್ಲ. ಡೆಸಿಮೇಟ್ ಮಾಡೋ ಕೆಲಸ ಇಷ್ಟೇ: ಯಾವ ಎಡ್ಜ್ (ತ್ರಿಕೋನದ ಅಂಚು) ತೆಗೆದರೆ ಆಕಾರ ಕಡಿಮೆ ಬದಲಾಗುತ್ತೋ ಅದನ್ನ ಮೊದಲು ತೆಗೆಯುತ್ತೆ. ಮಾಡೆಲ್ ಕೈ ಚಾಚಿ ನಿಂತಿರುವಾಗ ಮೊಣಕೈ ಹತ್ತಿರ ತೋಳು ಹೆಚ್ಚುಕಡಿಮೆ ನೇರ. ಹಾಗಾಗಿ ಅಲ್ಲಿನ ಸಾಲುಗಳು ಅದರ ಲೆಕ್ಕಕ್ಕೆ ದಂಡ. ಕಿವಿ, ಬೆರಳು, ಮೂಗಿನ ಹೊಳ್ಳೆ ಇಂಥ ಡೊಂಕು ಜಾಗಗಳಲ್ಲಿ ಮಾತ್ರ ತ್ರಿಕೋನಗಳನ್ನ ಉಳಿಸಿಕೊಳ್ಳುತ್ತೆ. ಸಂತೆಯಲ್ಲಿ ದೂರದಿಂದ ನೋಡೋರಿಗೆ ಕಿವಿ ಕಾಣಲ್ಲ, ಮಡಚಿದ ಕೈ ಕಾಣುತ್ತೆ. ಆದ್ದರಿಂದ ನನ್ನ ಸಲಹೆ: ಆ ಮಾಡೆಲ್ ಬಿಟ್ಟು, ಖಾಲಿ ಕ್ಯೂಬ್‌ನಿಂದ ನೀವೇ ಶುರುಮಾಡಿ. ಮಿರರ್ ಮಾಡಿಫೈಯರ್ (ಇನ್ನರ್ಧವನ್ನ ಕನ್ನಡಿಯ ಹಾಗೆ ತಾನೇ ಮಾಡುವ ಸಾಧನ) ಹಾಕಿ ಅರ್ಧ ದೇಹ ಮಾತ್ರ ಮಾಡಿ, ಮೊದಲು ಕೀಲುಗಳನ್ನ ಕೂರಿಸಿ, ಆಮೇಲೆ ಅವುಗಳ ನಡುವೆ ಮೈ ತುಂಬಿಸಿ.

ಮೊಣಕೈ ಬಗ್ಗೆ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಇದೊಂದು ಕೈಗೆ ಹತ್ತಿದರೆ ಮೊಣಕಾಲು, ಬೆರಳು ಎಲ್ಲ ಅದೇ ದಾರಿ. ತೋಳಿಗೆ ಆರು ಮೂಲೆಯ ಸಿಲಿಂಡರ್ ಸಾಕು. ನಾಲ್ಕಾದರೆ ಮರದ ತುಂಡಿನ ಥರ ಕಾಣುತ್ತೆ. ಮೊಣಕೈಯ ಹೊರಬದಿಯಲ್ಲಿ ಮೂರು ಸಾಲು ವರ್ಟೆಕ್ಸ್ ಇಡಿ, ಒಳಬದಿಯಲ್ಲಿ ಎರಡೇ ಸಾಲು. ಅಂದರೆ ನಡುವಿನ ಸಾಲು ತೋಳನ್ನ ಪೂರ್ತಿ ಸುತ್ತಬಾರದು, ಪಕ್ಕದಲ್ಲೇ ನಿಂತುಬಿಡಬೇಕು. ಕೈ ಮಡಿಸಿದಾಗ ಒಳಗಿನ ಎರಡು ಸಾಲು ಒಂದಕ್ಕೊಂದು ಹತ್ತಿರ ಬಂದು ಮಡಿಕೆಯಾಗುತ್ತೆ, ಹೊರಗಿನ ನಡುಸಾಲು ಮೊಣಕೈಯ ಮೊನೆಯಾಗಿ ನಿಲ್ಲುತ್ತೆ. ಬೋನ್‌ನ ಕೀಲನ್ನ ತೋಳಿನ ನಟ್ಟನಡುವೆ ಇಡಬೇಡಿ, ಹೊರಬದಿಗೆ ಸ್ವಲ್ಪ ಸರಿಸಿ. ಇಷ್ಟರಲ್ಲೇ ಅರ್ಧ ಚಪ್ಪಟೆತನ ಹೋಗುತ್ತೆ.

ವೇಟ್ ಕೈಯಲ್ಲೇ ಕೊಡಿ. ಮೇಲಿನ ಸಾಲು ಪೂರ್ತಿ ಮೇಲ್ತೋಳಿನ ಬೋನ್‌ಗೆ, ಕೆಳಗಿನ ಸಾಲು ಪೂರ್ತಿ ಮುಂಗೈಗೆ, ನಡುಸಾಲು 0.5 ಮತ್ತು 0.5. ಬ್ಲೆಂಡರ್ ತಾನೇ ಕೊಡುವ ಆಟೋಮ್ಯಾಟಿಕ್ ವೇಟ್ ಈ ಮೂರೂ ಸಾಲಿಗೆ ಎರಡೂ ಬೋನ್‌ಗಳ ಪ್ರಭಾವವನ್ನ ಸವರಿಬಿಡುತ್ತೆ, ಅದರಿಂದಲೇ ಕೈ ರಬ್ಬರಿನ ಹಾಗೆ ಬಾಗೋದು. ಆರ್ಮೇಚರ್ (ಬೋನ್‌ಗಳ ಗೂಡು) ಮಾಡಿಫೈಯರ್‌ನಲ್ಲಿ, ಮಡಿಸಿದಾಗ ದಪ್ಪ ಉಳಿಸೋಕೆ, ಪ್ರಿಸರ್ವ್ ವಾಲ್ಯೂಮ್ ಅಂತ ಒಂದು ಆಯ್ಕೆ ಇದೆ. ಬ್ಲೆಂಡರ್ ಒಳಗೇ ರೆಂಡರ್ ಮಾಡೋದಾದರೆ ಬಳಸಿ; ಗೇಮ್ ಎಂಜಿನ್‌ಗೆ ಕಳಿಸಿದರೆ ಅದು ಜೊತೆಗೆ ಹೋಗಲ್ಲ. ಎಂಜಿನ್‌ಗೆ ಕಳಿಸೋರು ಇನ್ನೊಂದು ಕೆಲಸ ಮಾಡಬೇಕು: ಕೀಲುಗಳ ಹತ್ತಿರ ಇರುವ ಚೌಕಗಳನ್ನ ನೀವೇ ತ್ರಿಕೋನ ಮಾಡಿ, ಕರ್ಣ ಯಾವ ಕಡೆ ಬಿದ್ದರೆ ಮಡಿಸಿದಾಗ ಉಬ್ಬು ಉಳಿಯುತ್ತೆ ಅಂತ ನೋಡಿ ತಿರುಗಿಸಿ. ಎಕ್ಸ್‌ಪೋರ್ಟ್‌ಗೆ ಬಿಟ್ಟರೆ ಅದು ತನಗೆ ತೋಚಿದ ಕಡೆ ಕತ್ತರಿಸುತ್ತೆ, ಮೊಣಕೈಯಲ್ಲಿ ಗುಳಿ ಬೀಳುತ್ತೆ.

ಭುಜಕ್ಕೆ ಒಂದೇ ಮಾತು: ಕೈಗಳನ್ನ ಅಡ್ಡಕ್ಕೆ ಪೂರ್ತಿ ಚಾಚಿ ಮಾಡೆಲ್ ಮಾಡಬೇಡಿ, 45 ಡಿಗ್ರಿ ಕೆಳಗೆ ಇಳಿಸಿ ಮಾಡಿ. ಸಂತೆಯ ಜನ ಹೆಚ್ಚು ಹೊತ್ತು ಕೈ ಇಳಿಬಿಟ್ಟೇ ಇರ್ತಾರೆ.

ಅಳತೆಗೆ ಬಂದರೆ, ನಮ್ಮ ಶಿಲ್ಪಿಗಳ ತಾಳಮಾನ ಇಲ್ಲಿಗೆ ಹಾಗೇ ಹೊಂದಲ್ಲ. ನವತಾಳದಲ್ಲಿ ಮುಖದ ಉದ್ದ ಒಂದು ತಾಳ, ಅಂದರೆ 12 ಅಂಗುಲ. ಇಡೀ ಮೂರ್ತಿ 9 ತಾಳ, 108 ಅಂಗುಲ. ಅದು ಪೂಜೆಯ ಮೂರ್ತಿಯ ಗಾಂಭೀರ್ಯಕ್ಕೆ ಹೊಂದುವ ಅಳತೆ. ಸಾಮಾನ್ಯ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು ಅಂತ ಚಿತ್ರಕಲೆಯಲ್ಲಿ ಹಿಡೀತಾರೆ. ದೂರದಿಂದ ಕಾಣುವ ಲೋ ಪಾಲಿ ಜನಕ್ಕೆ ನಾನು ಆರೂವರೆ ಇಡ್ತೀನಿ, ಅಂಗೈಯನ್ನೂ ಸ್ವಲ್ಪ ದೊಡ್ಡದು ಮಾಡ್ತೀನಿ. ಆಗ ಮುಖ ಯಾವ ಕಡೆ ತಿರುಗಿದೆ, ಕೈ ಏನು ಮಾಡ್ತಿದೆ ಅನ್ನೋದು ಸ್ಪಷ್ಟವಾಗಿ ತಿಳಿಯುತ್ತೆ. ಬೆರಳು ಬೇಡ: ಹೆಬ್ಬೆರಳು ಬೇರೆ, ಉಳಿದ ನಾಲ್ಕು ಒಂದೇ ತುಂಡು. ಕಣ್ಣು, ಹುಬ್ಬು, ಬಾಯಿ ಟೆಕ್ಸ್ಚರ್‌ನಲ್ಲಿ (ಮಾಡೆಲ್ ಮೇಲೆ ಅಂಟಿಸುವ ಚಿತ್ರದಲ್ಲಿ) ಬರೆಯಿರಿ. ಮೂಗಿಗೆ ಮಾತ್ರ ಎರಡು ತ್ರಿಕೋನ ಖರ್ಚು ಮಾಡಿ, ಪಕ್ಕದಿಂದ ನೋಡಿದಾಗ ಮುಖ ಅನ್ನಿಸೋದೇ ಅದರಿಂದ.

ಇನ್ನು ಸೀರೆ. ರೆಡಿಮೇಡ್ ಮಾಡೆಲ್‌ಗಳಲ್ಲಿ ಒಳ್ಳೇದು ಸಿಗೋದು ಕಷ್ಟ, ನಿಮ್ಮ ಸಂತೆಗೆ ಜೀವ ಬರೋದು ಇದರಿಂದಲೇ. ಸೊಂಟದಿಂದ ಕೆಳಗೆ ಕಾಲು ಮಾಡಬೇಡಿ. ಹತ್ತು ಮೂಲೆಯ ಒಂದು ಕೊಳವೆ, ಅದರ ಕೆಳಗೆ ಎರಡು ಪಾದ, ಅಷ್ಟೇ. ಕೊಳವೆಯ ಎಡಬದಿ ಎಡತೊಡೆಯ ಬೋನ್‌ಗೆ, ಬಲಬದಿ ಬಲತೊಡೆಗೆ, ಮುಂದೆ ಹಿಂದೆ ನಡುವಿನ ಗೆರೆ ಎರಡಕ್ಕೂ ಸಮನಾಗಿ. ನಡಿಗೆಯಲ್ಲಿ ಹೆಜ್ಜೆ ಚಿಕ್ಕದಿರಲಿ, ತಲೆ ಮೇಲೆ ಬುಟ್ಟಿ ಹೊತ್ತ ಹೆಂಗಸು ಹೇಗೂ ಉದ್ದುದ್ದ ಹೆಜ್ಜೆ ಹಾಕಲ್ಲ. ನೆರಿಗೆಯ ಗೆರೆಗಳನ್ನ ಬಣ್ಣದಲ್ಲಿ ಬರೆದು, ಅಂಚಿನ ಎರಡು ಮೂರು ವರ್ಟೆಕ್ಸ್ ಮುಂದಕ್ಕೆ ಎಳೆಯಿರಿ. ಸಂತೆ ಕೊಡಗಿನ ಕಡೆಯದಾದರೆ ನೆರಿಗೆ ಹಿಂದೆ ಬರಬೇಕು ಅನ್ನೋದು ನೆನಪಿರಲಿ. ಸೆರಗಿಗೆ ಐದಾರು ಚೌಕಗಳ ಒಂದು ಪಟ್ಟಿ, ಅದರಲ್ಲಿ ಎರಡು ಬೋನ್, ಎದೆಯ ಬೋನ್‌ಗೆ ಚೈಲ್ಡ್ (ಅದು ಹೋದ ಕಡೆ ಹಿಂದೆ ಹೋಗುವ ಹಾಗೆ). ಮೈ ಒಂದು ಕಡೆ ತಿರುಗಿದ ಮೂರು ನಾಲ್ಕು ಫ್ರೇಮ್ ಆದಮೇಲೆ ಸೆರಗು ತಿರುಗಲಿ. ಆ ಸಣ್ಣ ತಡದಿಂದ ಬಟ್ಟೆಗೆ ತೂಕ ಬರುತ್ತೆ. ಪಂಚೆಯನ್ನ ಮೊಣಕಾಲಿನ ತನಕ ಎತ್ತಿ ಕಟ್ಟಿದ ಗಂಡಸರಿಗೆ ಮಾತ್ರ ಕಾಲು ಪೂರ್ತಿ ಮಾಡಬೇಕಾಗುತ್ತೆ.

40 ಜನಕ್ಕೆ 40 ಮಾಡೆಲ್ ಬೇಡ. ಐದಾರು ದೇಹ ಸಾಕು. ಆಲ್ಟ್ ಡಿ ಒತ್ತಿ ನಕಲು ಮಾಡಿದರೆ ಮೆಶ್ ಡೇಟಾ (ಆಕಾರದ ಮಾಹಿತಿ) ಒಂದೇ ಇರುತ್ತೆ. ಮೆಟೀರಿಯಲ್ ಸ್ಲಾಟನ್ನ ಡೇಟಾದಿಂದ ಆಬ್ಜೆಕ್ಟ್‌ಗೆ ಬದಲಿಸಿದರೆ ಒಬ್ಬೊಬ್ಬರ ಸೀರೆಗೂ ಬೇರೆ ಬೇರೆ ಬಣ್ಣ ಕೊಡಬಹುದು. ಮುಂದೆ ನಿಲ್ಲೋರಿಗೆ 1500 ತ್ರಿಕೋನದವರೆಗೂ ಹೋಗಿ, ಹಿಂದಿನವರಿಗೆ 400 ಧಾರಾಳ. ತೀರಾ ಹಿಂದಿನ ಸಾಲಿಗೆ ವೇಟ್ ಕೂಡ ಬೇಡ. 1996ರ ಟೂಂಬ್ ರೈಡರ್ ಗೇಮ್‌ನಲ್ಲಿ ನಾಯಕಿ ಲಾರಾ ಕ್ರಾಫ್ಟ್‌ಳ ತೋಳು, ಮುಂಗೈ, ತೊಡೆ ಎಲ್ಲ ಬೇರೆ ಬೇರೆ ತುಂಡುಗಳೇ, ಒಂದೊಂದೂ ತನ್ನ ಕೀಲಲ್ಲಿ ತಿರುಗುತ್ತಿತ್ತು. ನೀವೂ ಹಾಗೇ ತುಂಡುಗಳನ್ನ ಒಂದರೊಳಗೊಂದು ಸ್ವಲ್ಪ ತೂರಿಸಿ, ಬೋನ್‌ಗೆ ನೇರವಾಗಿ ಪೇರೆಂಟ್ ಮಾಡಿ.

ಬಣ್ಣಕ್ಕೆ ಕೈಹಾಕುವ ಮೊದಲು ಎಲ್ಲರಿಗೂ ಒಂದೇ ಕಪ್ಪು ಮೆಟೀರಿಯಲ್ ಹಾಕಿ, ನಿಮ್ಮ ಶಾಟ್‌ನ ಕ್ಯಾಮೆರಾದಿಂದ ನೋಡಿ. ರುಮಾಲು ಯಾರದು, ಸೆರಗು ಯಾರದು, ಬಗ್ಗಿ ತರಕಾರಿ ಆರಿಸ್ತಿರೋರು ಯಾರು ಅಂತ ನೆರಳಲ್ಲೇ ಗೊತ್ತಾಗದಿದ್ದರೆ, ಆ ದೇಹದ ಹೊರಗೆರೆಯನ್ನ ಇನ್ನಷ್ಟು ತಿದ್ದಿ. ಅದಾದ ಮೇಲೂ ಮೊಣಕೈ ತೊಂದರೆ ಕೊಟ್ಟರೆ, ಕೈ ಮಡಿಸಿದ ಭಂಗಿಯಲ್ಲಿ ವೈರ್‌ಫ್ರೇಮ್ ಕಾಣುವ ಒಂದು ಸ್ಕ್ರೀನ್‌ಶಾಟ್ ಹಾಕಿ, ಯಾವ ಸಾಲು ಸರಿಸಬೇಕು ಅಂತ ನೋಡಿ ಹೇಳ್ತೀನಿ.