ಹೊಸದಾಗಿ ಸೇರಿದ ಹುಡುಗಿ ಎಲ್ಲದಕ್ಕೂ ಹೂಂ ಅಂತಾಳೆ, ಕೆಲಸ ಮಾತ್ರ ತಪ್ಪು. ಮ್ಯಾನೇಜರಿಗೆ ಹೇಳಲಾ?

ಮ್ಯಾನೇಜರಿಗೆ ಆಮೇಲೆ ಹೇಳುವಿರಂತೆ, ಒಂದು ತಿಂಗಳು ತಡೀರಿ. ಅದಕ್ಕೂ ಮೊದಲು ಅವಳನ್ನು ‘ಗೊತ್ತಾಯ್ತಾ?’ ಅಂತ ಕೇಳೋದನ್ನು ನಿಲ್ಲಿಸಿ.

ಬಿ.ಕಾಂ ಮುಗಿಸಿ ನೇರ ಬಂದವಳು, ಅಕೌಂಟ್ಸ್‌ನಲ್ಲಿ ನಿಮ್ಮ ಪಕ್ಕದ ಟೇಬಲ್, ಹೇಳಿಕೊಡುವಾಗ ತಲೆ ಆಡಿಸ್ತಾಳೆ, ಸಂಜೆ ನೋಡಿದರೆ ಎಂಟ್ರಿ ತಪ್ಪು, ಕೇಳು ಅಂದರೂ ಕೇಳಲ್ಲ, ಇದು ಸೊಕ್ಕಾ ಅಂತ ಕೇಳಿದ್ದೀರಿ. ಸೊಕ್ಕಲ್ಲ. ನಾನೂ ಸೊಕ್ಕು ಅಂದುಕೊಂಡು ಒಬ್ಬ ಹುಡುಗನ ಮೇಲೆ ಎರಡು ತಿಂಗಳು ಸಿಡಿಮಿಡಿ ಅಂದವನೇ. ಅದನ್ನೇ ಹೇಳ್ತೀನಿ.

ನಾನಿರೋದು ದಾವಣಗೆರೆಯ ಒಂದು ಟ್ಯಾಕ್ಸ್ ಆಫೀಸಿನಲ್ಲಿ. ಹದಿನಾಲ್ಕು ವರ್ಷ ಆಯ್ತು. ಅಕ್ಕಿ ಗಿರಣಿ, ಬಟ್ಟೆ ಅಂಗಡಿ, ಹಾರ್ಡ್‌ವೇರ್ ಹೋಲ್‌ಸೇಲ್, ಇಂಥವರ ಲೆಕ್ಕ ನಮ್ಮಲ್ಲಿ ಬರುತ್ತೆ. ಹೋದ ವರ್ಷ ಚನ್ನಗಿರಿ ಕಡೆಯ ಹುಡುಗ ಒಬ್ಬ ಸೇರಿದ. ಒಳ್ಳೇ ಮಾರ್ಕ್ಸ್. ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಕಟ್ಟಬೇಕಾದ್ದರಲ್ಲಿ ಕಳೆದುಕೊಳ್ಳೋದು) ಕಾಯ್ದೆಯ ಯಾವ ಸೆಕ್ಷನ್ ಅಂದರೆ ಹದಿನಾರು ಅಂತ ನಿದ್ದೆಗಣ್ಣಲ್ಲೂ ಹೇಳ್ತಿದ್ದ. ಆದರೆ ಜಿಎಸ್‌ಟಿ ಪೋರ್ಟಲ್ಲಿಗೆ ಒಂದು ಸಲವೂ ಲಾಗಿನ್ ಆಗಿರಲಿಲ್ಲ. ಅದು ಅವನ ತಪ್ಪಲ್ಲ ಬಿಡಿ, ಕಾಲೇಜಲ್ಲಿ ಯಾರ ಜಿಎಸ್‌ಟಿ ನಂಬರ್ ಇಟ್ಟುಕೊಂಡು ಲಾಗಿನ್ ಮಾಡಿಸ್ತಾರೆ?

ಹಾರ್ಡ್‌ವೇರ್ ಪಾರ್ಟಿಯ (ನಮ್ಮ ಗಿರಾಕಿ) ಸೇಲ್ಸ್ ಬಿಲ್ಲು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿಗೆ ಹಾಕೋ ಕೆಲಸ ಕೊಟ್ಟೆ. ಅವರ ಹತ್ತಿರ ಮಾಲು ತಗೊಳ್ಳೋ ಎರಡು ಅಂಗಡಿ ಇದ್ದವು. ಅಣ್ಣತಮ್ಮಂದಿರು ಭಾಗ ಆದಮೇಲೆ ಆದ ಅಂಗಡಿಗಳು. ಇಬ್ಬರೂ ಮನೆದೇವರ ಹೆಸರನ್ನೇ ಇಟ್ಟುಕೊಂಡಿದ್ದಾರೆ, ಅಣ್ಣಂದು ಟ್ರೇಡರ್ಸ್, ತಮ್ಮಂದು ಟ್ರೇಡಿಂಗ್ ಕಂಪನಿ. ಜಿಎಸ್‌ಟಿ ನಂಬರ್ ಎರಡೂ 29ರಿಂದಲೇ ಶುರು (ಕರ್ನಾಟಕದ್ದೆಲ್ಲ ಹಾಗೇ), ಹದಿನೈದು ಅಕ್ಷರ ಪೂರ್ತಿ ಓದಿದರೆ ಮಾತ್ರ ವ್ಯತ್ಯಾಸ ತಿಳಿಯೋದು. ಇವನು ತಮ್ಮನ ಏಳು ಬಿಲ್ಲು ಅಣ್ಣನ ಖಾತೆಗೆ ಹಾಕಿದ. 11ನೇ ತಾರೀಖು ಜಿಎಸ್‌ಟಿಆರ್-1ಕ್ಕೆ (ತಿಂಗಳ ಮಾರಾಟದ ಬಿಲ್ಲುಗಳ ರಿಟರ್ನ್) ಕೊನೇ ದಿನ, ನಾನು ಮೇಲಿಂದ ಟೋಟಲ್ ನೋಡಿ ಫೈಲ್ ಮಾಡಿಬಿಟ್ಟೆ. ಟೋಟಲ್ ಸರಿಯಾಗಿಯೇ ಇತ್ತು, ಅದೇ ಮಜಾ.

14ಕ್ಕೆ 2ಬಿ, ಅಂದರೆ ಮಾಲು ತಗೊಂಡವರ ಖರೀದಿ ಬಿಲ್ಲುಗಳ ಪಟ್ಟಿ, ಪೋರ್ಟಲ್ಲಲ್ಲಿ ಬರುತ್ತಲ್ಲ, 16ಕ್ಕೆ ಫೋನು ಬಂತು. ತಮ್ಮನ ಬಿಲ್ಲು ಅಣ್ಣನ 2ಬಿಯಲ್ಲಿ ಕೂತಿದೆ! ‘ಇಬ್ಬರಿಗೂ ಕೋರ್ಟಲ್ಲಿ ಕೇಸ್ ನಡೀತಿದೆ, ನಾನು ಏನು ಮಾಲು ತಗೊಂಡೆ ಅಂತ ಅವನಿಗೆ ನೀವೇ ಪಟ್ಟಿ ಕಳಿಸಿದ್ರಲ್ಲ ಸ್ವಾಮಿ’ ಅಂತ ಆ ತಮ್ಮ ನಮ್ಮ ಪಾರ್ಟಿಯ ಮೇಲೆ ಹಾರಾಡಿದ, ನಮ್ಮ ಪಾರ್ಟಿ ನನ್ನ ಮೇಲೆ ಹಾರಾಡಿದ. ಬಿಲ್ಲಿನ ಮೊತ್ತ ತಪ್ಪಾಗಿದ್ದರೆ ಅದೇ ತಿಂಗಳು 3ಬಿ (ತೆರಿಗೆ ಕಟ್ಟೋ ರಿಟರ್ನ್) ಹಾಕೋ ಮೊದಲು 1ಎ ಅನ್ನೋ ತಿದ್ದುಪಡಿ ಫಾರಂನಲ್ಲಿ ತಿದ್ದಬಹುದಿತ್ತು. ಮಾಲು ತಗೊಂಡವರ ಜಿಎಸ್‌ಟಿ ನಂಬರೇ ತಪ್ಪಾದರೆ ಆಗಲ್ಲ, ಮುಂದಿನ ತಿಂಗಳ ಜಿಎಸ್‌ಟಿಆರ್-1ರಲ್ಲೇ ತಿದ್ದಬೇಕು. ಅಲ್ಲಿತನಕ ತಮ್ಮನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ.

ಹುಡುಗನನ್ನು ಕರೆದೆ. ಬೈಯಬೇಕು ಅಂತಲೇ ಕರೆದಿದ್ದು, ಸುಳ್ಳು ಯಾಕೆ ಹೇಳಲಿ.

‘ಎರಡು ಹೆಸರು ಒಂದೇ ಥರ ಇದೆ ಅಂತ ಕಾಣಲಿಲ್ವೇನೋ?’

‘ಒಂಬತ್ತನೇ ತಾರೀಖೇ ಅನುಮಾನ ಬಂತು ಸಾರ್.’

‘ಮತ್ತೆ ಯಾಕೆ ಕೇಳಲಿಲ್ಲ?’

‘ನೀವು ಫೋನಲ್ಲಿದ್ರಿ. ಆಮೇಲೆ... ಗೊತ್ತಾಯ್ತಾ ಅಂತ ನೀವು ಕೇಳಿದಾಗ ಹೂಂ ಅಂದುಬಿಟ್ಟಿದ್ನಲ್ಲ ಸಾರ್.’

ನೋಡಿ, ಇದು. ಒಂದು ಸಲ ಹೂಂ ಅಂದಮೇಲೆ ವಾಪಸ್ ಬಂದು ಗೊತ್ತಾಗಲಿಲ್ಲ ಅಂದರೆ ಮೊದಲು ಹೇಳಿದ್ದು ಸುಳ್ಳು ಅಂತ ಆಗುತ್ತಲ್ಲ, ಅದು ಅವನ ಲೆಕ್ಕ. ಕ್ಲಾಸಲ್ಲಿ ಮೇಷ್ಟ್ರು ಗೊತ್ತಾಯ್ತಾ ಅಂದರೆ ಎಪ್ಪತ್ತು ಹುಡುಗರೂ ಹೂಂ ಅಂತಿದ್ದೆವು, ನೆನಪಿದೆಯಾ? ಯಾರಾದರೂ ಇಲ್ಲ ಅಂದರೆ ಉಳಿದವರೆಲ್ಲ ತಿರುಗಿ ನೋಡ್ತಿದ್ದರು. ಹದಿನೈದು ವರ್ಷ ಹಾಗೆ ಕಲಿತು ಬಂದವರು ಸೋಮವಾರ ಆಫೀಸಿಗೆ ಸೇರಿ ಮಂಗಳವಾರ ಬದಲಾಗಲ್ಲ.

ಆಮೇಲೆ ಅವನು ನೋಟ್‌ಬುಕ್ ತೋರಿಸಿದ. ಹಿಂದಿನ ಪುಟದಲ್ಲಿ ಪ್ರಶ್ನೆಪತ್ರಿಕೆ ಥರ ನಂಬರ್ ಹಾಕಿ ಅನುಮಾನ ಬರೆದಿಟ್ಟಿದ್ದ. ಹನ್ನೊಂದಿದ್ದವು. ನಾಲ್ಕನೆಯದು ಈ ಎರಡು ಅಂಗಡಿಯ ವಿಷಯ. ಏಳನೆಯದು, ‘ಊಟಕ್ಕೆ ಎಷ್ಟು ಗಂಟೆಗೆ ಏಳಬಹುದು?’ ನಾವೆಲ್ಲ ಕೈಯಲ್ಲಿರೋ ಕೆಲಸ ಮುಗಿಸಿ ಒಬ್ಬೊಬ್ಬರೇ ಎದ್ದು ಹೋಗ್ತೀವಿ. ಅವನಿಗೆ ಯಾರೂ ಹೇಳಿರಲಿಲ್ಲ. ಕೆಲವು ದಿನ ಡಬ್ಬಿ ಬಿಚ್ಚದೆ ಹಾಗೇ ವಾಪಸ್ ಒಯ್ದಿದ್ದನಂತೆ. ನನಗೆ ಬೈಯೋಕೆ ಬಾಯಿ ಬರಲಿಲ್ಲ.

ಈಗ ನಾನು ಮಾಡೋದಿಷ್ಟೇ. ಹೇಳಿಕೊಟ್ಟ ಮೇಲೆ ಗೊತ್ತಾಯ್ತಾ ಅನ್ನಲ್ಲ. ‘ಸರಿ, ಈಗ ಕೂತು ಮೊದಲು ಏನು ಮಾಡ್ತೀಯ ಹೇಳು’ ಅಂತೀನಿ. ಇದಕ್ಕೆ ಹೂಂ ಅಂತ ಉತ್ತರ ಕೊಡೋಕಾಗಲ್ಲ. ಎರಡನೇ ವಾಕ್ಯಕ್ಕೆ ತಡವರಿಸಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಅಲ್ಲೇ ತಿಳಿಯುತ್ತೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಅಷ್ಟೆ. ಮೊದಲ ಐದು ಬಿಲ್ಲು ಹಾಕಿದ ಕೂಡಲೇ ನೋಡ್ತೀನಿ, ಐವತ್ತು ಆಗೋವರೆಗೆ ಕಾಯಲ್ಲ. ಮತ್ತೆ ನಾಲ್ಕು ಗಂಟೆಗೆ ಮಂಡಕ್ಕಿ ಮಿರ್ಚಿ ತರಿಸಿದಾಗ ಆ ನೋಟ್‌ಬುಕ್ಕಿನ ಹಿಂದಿನ ಪುಟ ಬಿಚ್ಚೋದು. ‘ಯಾವಾಗ ಬೇಕಾದರೂ ಕೇಳು’ ಅಂತ ನೀವು ಹೇಳ್ತಿದ್ದೀರಲ್ಲ, ಅದು ಕೇಳೋಕೆ ಚೆನ್ನಾಗಿದೆ, ಆದರೆ ಹೊಸಬರಿಗೆ ಅದರ ಅರ್ಥ ನಿಮ್ಮ ಮುಖ ನೋಡಿ ಹೊತ್ತು ಗೊತ್ತು ಮಾಡಿಕೋ ಅಂತ. ಗಂಟೆ ಹೇಳಿಬಿಡಿ.

ಇನ್ನೊಂದು ಕೇಳಿ. ಒಂದು ದಿನ 2ಬಿಯನ್ನೂ ಖರೀದಿ ಪಟ್ಟಿಯನ್ನೂ ತಾಳೆ ನೋಡು ಅಂತ ಕೊಟ್ಟೆ. ನಾನಾದರೆ ಪ್ರಿಂಟ್ ತೆಗೆದು ಪೆನ್ಸಿಲ್ಲಲ್ಲಿ ಟಿಕ್ ಹಾಕೋನು, ಅರ್ಧ ದಿನದ ಕೆಲಸ. ಇವನು ಎಕ್ಸೆಲ್ಲಲ್ಲಿ ಫಾರ್ಮುಲಾ ಹಾಕಿ ಹತ್ತೇ ನಿಮಿಷಕ್ಕೆ ಮುಗಿಸಿ, ಯಾರಿಗೂ ಹೇಳದೆ ಮಧ್ಯಾಹ್ನದವರೆಗೆ ಸುಮ್ನೆ ಶೀಟು ಮೇಲೆ ಕೆಳಗೆ ಮಾಡ್ತಾ ಕೂತಿದ್ದ. ಯಾಕೋ ಅಂದರೆ, ನೀವು ಹೇಳಿಕೊಟ್ಟ ಹಾಗೆ ಮಾಡಲಿಲ್ಲವಲ್ಲ ಸಾರ್, ಕಾಪಿ ಹೊಡೆದ ಹಾಗಾಗುತ್ತೇನೋ ಅಂದ. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಿಲ್ಲು ತಾಳೆ ಆಗಿರಲಿಲ್ಲ. ನೋಡಿದರೆ, ಒಂದು ಕಡೆ 045 ಅಂತಿದೆ, ಇನ್ನೊಂದು ಕಡೆ ಬರೀ 45. ಫಾರ್ಮುಲಾಗೆ ಅವು ಬೇರೆ ಬೇರೆ, ನನ್ನ ಪೆನ್ಸಿಲ್ಲಿಗೆ ಒಂದೇ. ಅವತ್ತು ಇಬ್ಬರೂ ಕೂತು ಊಟದ ಹೊತ್ತಿಗೆ ಮುಗಿಸಿದೆವು.

ನಿಮ್ಮ ಹುಡುಗಿ ಹೇಗೋ ನನಗೆ ಗೊತ್ತಿಲ್ಲ. ಹೇಳಿದ್ದನ್ನು ಬಾಯಲ್ಲಿ ಸರಿಯಾಗಿ ಹೇಳಿ, ಆಮೇಲೂ ತಿಂಗಳಿಡೀ ಅದೇ ತಪ್ಪು ಮಾಡಿದರೆ, ಅಥವಾ ಮೊಬೈಲ್ ನೋಡ್ತಾ ಕೂತರೆ, ಆಗ ಮ್ಯಾನೇಜರಿಗೆ ಹೇಳಿ, ಅದರಲ್ಲಿ ಚಾಡಿ ಏನಿಲ್ಲ. ಆದರೆ ಅವರಿಗೆ ಹೇಳೋ ಮೊದಲು ಅವಳಿಗೇ ಹೇಳಿ, ಎಲ್ಲರ ಎದುರಿಗಲ್ಲ. ನಾನು ಅವತ್ತು ಇಡೀ ಆಫೀಸಿಗೆ ಕೇಳೋ ಹಾಗೆ ಕರೆದಿದ್ದೆ, ಅವನು ಆಮೇಲೆ ಒಂದು ವಾರ ನೋಟ್‌ಬುಕ್ಕನ್ನೇ ಟೇಬಲ್ ಮೇಲೆ ಇಡಲಿಲ್ಲ.