ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆ ಯಾಕಿಲ್ಲ?

ಪ್ರಶ್ನೆ: ಅಮೆರಿಕದಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ವೇತನ ಗಂಟೆಗೆ 7.25 ಡಾಲರ್ ಅಂತ ಓದಿದೆ. ಬೆಲೆ ಏರಿಕೆಗೆ ಅದು ಸರಿದೂಗುತ್ತದೆಯೇ ಸರ್? ಉತ್ಪಾದಕತೆ ಹೆಚ್ಚಾದಂತೆ ಕೂಲಿಯೂ ಹೆಚ್ಚಬೇಕು ಅನ್ನುವ ವಾದದಲ್ಲಿ ಹುರುಳಿದೆಯೇ?

ಉತ್ತರ: ಸರಿದೂಗುವುದಿಲ್ಲ. ಆ 7.25 ಡಾಲರ್ ಜಾರಿಗೆ ಬಂದದ್ದು 2009ರ ಜುಲೈನಲ್ಲಿ. 15 ವರ್ಷ ಕಳೆದರೂ ಒಂದು ಸೆಂಟ್ ಏರಲಿಲ್ಲ. ಆಗ 7.25 ಡಾಲರಿಗೆ ಸಿಗುತ್ತಿದ್ದ ಸಾಮಾನಿಗೆ 2024ರಲ್ಲಿ ಸುಮಾರು ಹತ್ತೂವರೆ ಡಾಲರ್ ಬೇಕಾಯಿತು. ಕೂಲಿ ಅಷ್ಟೇ ಇದೆ, ಅದರಿಂದ ಕೊಳ್ಳಬಹುದಾದದ್ದು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗಿದೆ.

ಮೊದಲಿನಿಂದಲೂ ಹೀಗಿರಲಿಲ್ಲ. 1938ರ ಕಾನೂನು 25 ಸೆಂಟ್‌ನಿಂದ ಶುರು ಮಾಡಿತು. 1968ರ ಹೊತ್ತಿಗೆ ಅದು 1.60 ಡಾಲರ್ ಆಗಿತ್ತು. ಬೆಲೆಗಳಿಗಿಂತ ಜೋರಾಗಿಯೇ ಏರಿತ್ತು. ಆ 1.60ನ್ನು 2024ರ ಬೆಲೆಗೆ ತಂದರೆ 14 ಡಾಲರ್ ದಾಟುತ್ತದೆ. 1968 ಅತಿ ಎತ್ತರದ ವರ್ಷ, ಅದನ್ನೇ ಆರಿಸಿಕೊಳ್ಳುವುದು ಸರಿಯಲ್ಲ ಅಂತ ಕೆಲವರು ಹೇಳುತ್ತಾರೆ. ಒಪ್ಪೋಣ. 2009ರಿಂದ ಲೆಕ್ಕ ಹಾಕಿದರೂ ನಷ್ಟವೇ ಅಲ್ವಾ?

ನಾನು ಬಹಳ ಕಾಲ ಸಂಬಳದ ಪಟ್ಟಿ ಬರೆದವನು. ತುಟ್ಟಿಭತ್ಯೆಯ ಕಾಲಂ ಇಲ್ಲದ ಪಟ್ಟಿಯನ್ನು ನೋಡಿದರೆ ಈಗಲೂ ಸಂಕಟವಾಗುತ್ತದೆ. ಈ ಕಾನೂನಿನಲ್ಲಿ ಇಲ್ಲದಿರುವುದು ಅದೇ ಕಾಲಂ. ಸಂಸತ್ತು ಹೊಸದಾಗಿ ಮತ ಹಾಕಿದರಷ್ಟೇ ಕೂಲಿ ಏರುತ್ತದೆ. ಅದೇ ದೇಶದಲ್ಲಿ ವೃದ್ಧರ ಪಿಂಚಣಿ 1975ರಿಂದ ಬೆಲೆ ಸೂಚ್ಯಂಕದ ಜೊತೆ ತಾನಾಗಿ ಏರುತ್ತಿದೆ. ಆದಾಯ ತೆರಿಗೆಯ ಹಂತಗಳೂ 1985ರಿಂದ ಹಾಗೆಯೇ ಹೊಂದಿಕೊಳ್ಳುತ್ತವೆ. ಅಂದರೆ ದಾರಿ ಗೊತ್ತಿಲ್ಲ ಅಂತಲ್ಲ. ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲೇ ತಮ್ಮ ರಾಜ್ಯದ ಕನಿಷ್ಠ ವೇತನವನ್ನು ಬೆಲೆಗಳಿಗೆ ಜೋಡಿಸಿದರು. 2024ರಲ್ಲಿ ಅಲ್ಲಿ ಅದು 16.28 ಡಾಲರ್ ಇತ್ತು. ಅಲಬಾಮ, ಮಿಸಿಸಿಪ್ಪಿಯಂಥ ಕಡೆ ರಾಜ್ಯದ್ದೇ ಆದ ಕನಿಷ್ಠ ವೇತನವಿಲ್ಲ. ಅಲ್ಲಿ 7.25ರದ್ದೇ ಆಸರೆ.

ಇನ್ನು ಉತ್ಪಾದಕತೆ. ಒಂದು ಗಂಟೆಯ ದುಡಿಮೆಯಿಂದ ಬರುವ ಉತ್ಪನ್ನ ಅಲ್ಲಿ 1968ರಿಂದ ಈಚೆಗೆ ಎರಡು ಪಟ್ಟಿಗೂ ಜಾಸ್ತಿಯಾಗಿದೆ. ಬೆಲೆ, ಉತ್ಪಾದಕತೆ ಎರಡನ್ನೂ ಸೇರಿಸಿದರೆ ಕನಿಷ್ಠ ವೇತನ 25 ಡಾಲರಿಗಿಂತ ಮೇಲಿರಬೇಕಿತ್ತು. ಈ ಅಂಕಿಯನ್ನು ನಾನು ಹಾಗೆಯೇ ಒಪ್ಪುವುದಿಲ್ಲ. ಅದು ಇಡೀ ದೇಶದ ಸರಾಸರಿ. ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಆದಷ್ಟು ಏರಿಕೆ ನೆಲ ಒರೆಸುವ ಕೆಲಸದಲ್ಲಿ ಆಗದು. ಆದರೂ ವಾದದಲ್ಲಿ ಹುರುಳಿದೆ. ಬೆಲೆಗೆ ಜೋಡಿಸಿದರೆ ಕೂಲಿಯವನು ಇದ್ದಲ್ಲೇ ಇರುತ್ತಾನೆ, ಅಷ್ಟೆ. ದೇಶ ಬೆಳೆದಾಗ ಅವನಿಗೂ ಒಂದಿಷ್ಟು ಪಾಲು ಸಿಗಬೇಕಾದರೆ ಬೆಲೆಗಿಂತ ತುಸು ಹೆಚ್ಚೇ ಏರಬೇಕು. 1968ರವರೆಗೆ ಹಾಗೆ ಏರಿತ್ತು ಕೂಡ.

ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕೇಂದ್ರದ ಕನಿಷ್ಠ ದರ 2.13 ಡಾಲರ್. ಟಿಪ್ಸ್ ಸೇರಿಯೂ 7.25 ಆಗದಿದ್ದರೆ ಉಳಿದದ್ದನ್ನು ಮಾಲೀಕರು ತುಂಬಿಕೊಡಬೇಕು, ನಿಜ. ಆದರೆ ಆ 2.13 ಡಾಲರ್ 1991ರಿಂದ ಹಾಗೇ ನಿಂತಿದೆ.